ಚೆಂಬಿಯ ಹಳದಿ ವಸ್ತ್ರ

ಅಂದು ಬೆಳಗಾಗುವ ಮೊದಲೇ ಗಾಳಿ ಎದ್ದಿತ್ತು. ಮಳೆಯ ಸುಳಿವಿಲ್ಲದ, ತಂಪೂ ಇಲ್ಲದ, ಸುಮ್ಮನೆ ಊರಿನ ಧೂಳನ್ನೆಲ್ಲ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೊತ್ತು ಸಾಗಿಸುವ ಒಣಗಾಳಿ. ಈಶ್ವರ ಗುಡಿಯ ಕಟ್ಟೆಯ ಮೇಲೆ ನಾನು ಹಚ್ಚಿದ ದೀಪ ನಿಲ್ಲಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕೊನೆಗೆ ಸೆರಗನ್ನು ಮರೆಮಾಡಿ ಹಚ್ಚಿ, 'ಇವತ್ತೊಂದು ದಿನ ಅದರ ಬಾಯಿ ಮುಚ್ಚಿಸಪ್ಪಾ ತಂದೆ' ಎಂದು ಬೇಡಿಕೊಂಡು ಹತ್ತಿ ಗಿರಣಿಯ ಕಡೆ ನಡೆದೆ. ಎಷ್ಟೋ ವರ್ಷ ಪೂಜೆ ಮಾಡಿದವಳು ನಾನು. ದೇವರಲ್ಲಿ ನಾಯಿಯ ಬಾಯಿಗಾಗಿ ಬೇಡಿದ್ದು ಅದೇ ಮೊದಲು.

ಗಿರಣಿಯ ಪಾಳು ಶೆಡ್ಡಿನ ಮೆಟ್ಟಿಲ ಮೇಲೆ ಚೆಂಬಿ ಕುಳಿತಿತ್ತು. ಅದರ ಬಲಗಿವಿ ಎಂದಿನಂತೆ ಮಡಿಚಿಕೊಂಡು ಬಿದ್ದಿತ್ತು. ಎಡಗಿವಿ ಮಾತ್ರ ಗಾಳಿಗೆ ನೆಟ್ಟಗೆ ನಿಮಿರಿ, ದೂರದಲ್ಲಿ ಯಾರೋ ಆಡುತ್ತಿರುವ ಮಾತನ್ನು ಹಿಡಿಯಲು ಹೊರಟಂತೆ ತುಸುತುಸುವೇ ತಿರುಗುತ್ತಿತ್ತು. ಆ ಎಡಗಿವಿ ಇಳಿದದ್ದನ್ನು ನಾನು ಕಂಡೇ ಇರಲಿಲ್ಲ. ನಿದ್ದೆಯಲ್ಲೂ ಅದು ಹಾಗೇ ನಿಂತಿರುತ್ತಿತ್ತು.

"ಕೇಳಿಸ್ಕೊ" ಎಂದೆ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು. "ಇವತ್ತ ಬೊಗಳಿದ್ಯೋ, ನಿನಗೂ ನನಗೂ ಋಣ ಹರೀತು."

ಅದು ನನ್ನ ಗಲ್ಲ ನೆಕ್ಕಿತು.

ನಮ್ಮೂರಿನಲ್ಲಿ ಬೀದಿನಾಯಿಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಗುಂಪಿತ್ತು. ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡದ್ದು, ಹುಳು ಬಿದ್ದದ್ದು, ಯಾರೋ ಬಿಸಿನೀರು ಎರಚಿದ್ದು, ಇಂಥವನ್ನು ತಂದು ಶೆಡ್ಡಿನಲ್ಲಿಟ್ಟು ಮದ್ದು ಮಾಡುತ್ತಿದ್ದೆವು. ಗುಣವಾದ ಮೇಲೆ ಅವಕ್ಕೆ ಎರಡೇ ದಾರಿ. ಯಾರಾದರೂ ಮನೆಗೆ ಒಯ್ದರೆ ಒಳ್ಳೆಯದು. ಇಲ್ಲವಾದರೆ ಎತ್ತಿಕೊಂಡು ಬಂದ ಓಣಿಗೇ ಮರಳಿ ಬಿಟ್ಟುಬರಬೇಕು. ಗಾಯಗೊಂಡ ಮುಂದಿನದಕ್ಕೆ ಜಾಗ ಬೇಕಲ್ಲ. ಈ ನಿಯಮವನ್ನು ಮಾಡುವಾಗ ನಾನೂ ಕೈ ಎತ್ತಿದ್ದೆ. ಆಗ ಚೆಂಬಿ ಬಂದಿರಲಿಲ್ಲ.

ಚೆಂಬಿ ಬಂದದ್ದು ಬಸ್ ನಿಲ್ದಾಣದ ಹಿಂದಿನ ಖಾನಾವಳಿ ಓಣಿಯಿಂದ. ತಳದಲ್ಲಿ ಉಳಿದ ಮಜ್ಜಿಗೆಯ ಆಸೆಗೆ ಹಿತ್ತಾಳೆಯ ಚೆಂಬಿನೊಳಗೆ ತಲೆ ತೂರಿಸಿದ್ದು ಹೊರಗೆ ಬರಲಾರದೆ ಸಿಕ್ಕಿಬಿದ್ದಿತ್ತು. ಚೆಂಬು ಹೊತ್ತ ತಲೆಯನ್ನು ಗೋಡೆಗೆ, ಕಂಬಕ್ಕೆ ಬಡಿದುಕೊಳ್ಳುತ್ತ ಓಣಿಯುದ್ದ ಓಡಾಡುತ್ತಿದ್ದರೆ ಜನ ನಿಂತು ನಗುತ್ತಿದ್ದರು. ತಗಡಿನ ಕತ್ತರಿಯಿಂದ ಚೆಂಬಿನ ಕಂಠ ಸೀಳಿ ಅದನ್ನು ಬಿಡಿಸಿದೆವು. ಖಾನಾವಳಿಯವನು ಮಾತ್ರ ಕೆಂಡವಾದ. "ನನ್ನ ಅಜ್ಜನ ಕಾಲದ ಚೆಂಬ್ರೀ ಅದು! ಇನ್ನೊಮ್ಮೆ ಈ ಸೂಳೇಮಗನ ನಾಯಿ ಓಣ್ಯಾಗ ಕಂಡ್ರ ಕುದಿಯೂ ಗಂಜಿ ಸುರುವತೀನಿ, ನೋಡ್ರಿ." ಅವನು ಬರಿದೆ ಬಾಯಿಮಾತಿನ ಮನುಷ್ಯನಲ್ಲ. ಚೆಂಬಿಯ ಬೆನ್ನ ಮೇಲೆ ಕೂದಲು ಬಾರದ, ಅಂಗೈಯಗಲದ ಹಳೆಯ ಸುಟ್ಟ ಕಲೆಯೊಂದು ಆಗಲೇ ಇತ್ತು.

ನಾನಿದ್ದ ಬಾಡಿಗೆ ಕೋಣೆಯ ಯಜಮಾನಿ ನಾಯಿಯ ಹೆಸರೆತ್ತಿದರೆ ಗೋಮೂತ್ರ ಚಿಮುಕಿಸುವವರು. ಹುಡುಗಿಯರಿಗೆ ಹೊಲಿಗೆ ಕಲಿಸಿ ಹೊಟ್ಟೆ ಹೊರೆಯುವ ನಾನು ಬೇರೆ ಮನೆ ಹುಡುಕುವ ಸ್ಥಿತಿಯಲ್ಲಿರಲಿಲ್ಲ. ಚೆಂಬಿಗೆ ತೆರೆದಿದ್ದುದು ಒಂದೇ ಬಾಗಿಲು, ಊರ ಹೊರಗಿನ ಆರೈಕೆ ಮನೆಯದು. ಲಕ್ವ ಹೊಡೆದವರು, ಹಾಸಿಗೆ ಹಿಡಿದವರು ಅಲ್ಲಿದ್ದರು. ನಮ್ಮ ಗುಂಪಿನ ನಾಯಿಗಳು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ರೋಗಿಗಳ ಮಗ್ಗುಲಲ್ಲಿ ಕೂತು ಬರುತ್ತಿದ್ದವು. ಕೈ ಎತ್ತಲಾರದ ಹೆಂಗಸೊಬ್ಬಳು ನಾಯಿಯ ತಲೆ ಸವರಲು ಕೈ ಎತ್ತಿದ್ದನ್ನು ಕಂಡ ಮೇಲೆ ಮೇಟ್ರನ್ ಪ್ರಮೀಳಾಬಾಯಿ, "ಒಂದು ನಾಯಿನ ಇಲ್ಲೇ ಇಟ್ಕೋತೀವ್ರಿ. ಶಾಣ್ಯಾ ನಾಯಿ ಬೇಕು ಮತ್ತ. ಬೊಗಳಬಾರ್ದು" ಎಂದಿದ್ದರು. ಬೊಗಳದೆ ರೋಗಿಗಳ ನಡುವೆ ಹೋಗಿಬರುವ ಪರೀಕ್ಷೆಯಲ್ಲಿ ಗೆದ್ದರೆ ಚೆಂಬಿ ಅಲ್ಲಿ ಉಳಿಯುತ್ತದೆ. ಸೋತರೆ ಖಾನಾವಳಿ ಓಣಿ. ನಡುವೆ ಬೇರೇನೂ ಇರಲಿಲ್ಲ.

ಪರೀಕ್ಷೆ ಮಾಡುವವರು ದಾವಲಸಾಬರು. ಪೊಲೀಸ್ ನಾಯಿಗಳ ದಳದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಗಿರಣಿಯ ಅಂಗಳದಲ್ಲಿ ಭಾನುವಾರ ಸಂಜೆ ಅವರ ತರಗತಿ. ನಾಯಿಗಳಿಗಿಂತ ಹೆಚ್ಚಾಗಿ ನಮಗೇ ಪಾಠ. "ಬಾಲಾ ನೋಡ್ರಿ, ಕಿವಿ ನೋಡ್ರಿ, ಬೆನ್ನ ನೋಡ್ರಿ. ಹಲ್ಲ ಆಮ್ಯಾಲೆ ನೋಡೂಣಂತ. ಮುಂಗಾಲು ಚಾಚಿ, ಎದಿ ನೆಲಕ್ಕ ಹಚ್ಚಿ ಬೊಗಳಿತಂದ್ರ ಸಿಟ್ಟಲ್ಲ, ಆಟಕ್ಕ ಕರದಂಗ." ಹೀಗೆ ಸಾಗುತ್ತಿತ್ತು.

ಆ ತರಗತಿ ನನ್ನ ತಾಳ್ಮೆಯನ್ನು ಬಸಿದು ಕುಡಿಯಿತು. ಕೂಡು ಎಂದರೆ ಚೆಂಬಿ ಕೂಡುತ್ತಿತ್ತು, ಏಳು ಎಂದರೆ ಏಳುತ್ತಿತ್ತು. ಬಹುಮಾನದ ರೊಟ್ಟಿ ಚೂರನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಚಾಚಿದೊಡನೆ ಬಾಲ ಮುದುರಿ ಶೆಡ್ಡಿನ ಮೂಲೆ ಸೇರುತ್ತಿತ್ತು. ಆ ಚೆಂಬಿನ ನೆನಪು. ತಟ್ಟೆ, ಬೋಗುಣಿ, ಲೋಟ, ಅಷ್ಟೇ ಏಕೆ ಮಣ್ಣಿನ ಬಟ್ಟಲಿಗೂ ಅದು ಬಾಯಿ ಹಚ್ಚುತ್ತಿರಲಿಲ್ಲ. ಮುತ್ತುಗದ ಎಲೆಯ ಮೇಲೆ ಹಾಕಬೇಕು, ಇಲ್ಲವೇ ಅಂಗೈಯಲ್ಲಿ ಹಿಡಿಯಬೇಕು. ನೀರನ್ನೂ ಅಂಗೈಯಿಂದಲೇ. "ತಾಟು ಕಂಡ್ರ ಓಡೂ ನಾಯಿನ ನನ್ನ ಸರ್ವಿಸಿನ್ಯಾಗ ನೋಡಿಲ್ರೀ ಅಕ್ಕಾರ" ಎಂದು ದಾವಲಸಾಬರು ತಲೆ ಕೆರೆದುಕೊಳ್ಳುತ್ತಿದ್ದರು.

ಈ ಗಾಯದ ಮೇಲೆ ಉಪ್ಪು ಸುರಿಯಲು ಕಿರಾಣಿ ಅಂಗಡಿಯ ಪಟ್ಟಣಶೆಟ್ಟರಿದ್ದರು. ಅವರ ನಾಯಿಯ ಹೆಸರು ಸಾಹುಕಾರ. ಅದು ತುಪ್ಪದನ್ನ ತಿಂದು ಗುಡಾಣದಂತಾಗಿದ್ದ ಪ್ರಾಣಿ. ತರಗತಿಯುದ್ದಕ್ಕೂ ಮಲಗಿರುತ್ತಿತ್ತು. ಆರೈಕೆ ಮನೆಯಲ್ಲೂ ಯಾರದೋ ಕಾಲ ಬುಡದಲ್ಲಿ ಮಲಗಿ ಗೊರಕೆ ಹೊಡೆದು, ಅಷ್ಟಕ್ಕೇ ಪರೀಕ್ಷೆ ಗೆದ್ದು, ಹಳದಿ ವಸ್ತ್ರ ಕಟ್ಟಿಸಿಕೊಂಡು ಮೆರೆಯುತ್ತಿತ್ತು. ಗೆದ್ದ ನಾಯಿಯ ಕೊರಳಿಗೆ ಕಟ್ಟುವ ಆ ಹಳದಿ ಚೌಕಗಳ ಅಂಚು ಮಡಿಚಿ ಹೊಲಿಯುವವಳು ನಾನೇ. ಸಾಹುಕಾರನ ಕೊರಳಿಗೆ ಬಟ್ಟೆ ಸಾಲದೆ ಇನ್ನೊಂದು ತುಂಡು ಜೋಡಿಸಿ ಹೊಲಿದಿದ್ದೆ. "ಅಕ್ಕಾರ, ನಿಮ್ಮ ಚೆಂಬಿಗೆ ನಮ್ಮ ಸಾಹುಕಾರನ ಹತ್ತರ ಟ್ಯೂಷನ್ ಇಡಸ್ರಿ" ಎಂದು ಶೆಟ್ಟರು ನಕ್ಕಾಗ, ನಾನೂ ನಕ್ಕು, ಮನೆಗೆ ಹೋಗಿ ಜಪಮಾಲೆ ಹಿಡಿದರೆ ಒಂದು ಮಣಿಯೂ ಮುಂದೆ ಸರಿಯಲಿಲ್ಲ.

ಆದರೂ ಮೊಂಡುತನದಿಂದ ಚೆಂಬಿಗೆ ಬಹಳ ಕಲಿಸಿದೆ. ತುಟಿಯ ಮೇಲೆ ಬೆರಳಿಟ್ಟರೆ ಸುಮ್ಮನಾಗುವುದನ್ನು ಕಲಿಯಿತು. ಪಟಾಕಿಗೂ ಬೊಗಳಲಿಲ್ಲ, ಬೆಕ್ಕಿಗೂ ಬೊಗಳಲಿಲ್ಲ, ಎದುರಿಗೆ ನಿಂತು ಬೊಗಳುವ ನಾಯಿಗೂ ಬೊಗಳಲಿಲ್ಲ. ಆರೈಕೆ ಮನೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ತಲೆಯನ್ನು ಅಂಚಿನ ಮೇಲಿಟ್ಟು, ಸವರಿಸಿಕೊಂಡು ಬರುತ್ತಿತ್ತು. ನೋಡಿದವರು ನನ್ನನ್ನು ಹೊಗಳುತ್ತಿದ್ದರು. ಆಮೇಲೆ ಕೊನೆಯ ಹಾಸಿಗೆ ಬರುತ್ತಿತ್ತು, ಗುಡ್ಡಪ್ಪಜ್ಜನದು.

ಗುಡ್ಡಪ್ಪಜ್ಜನ ಬಲಭಾಗ ಲಕ್ವಕ್ಕೆ ಬಿದ್ದುಹೋಗಿ ಮಾತು ಪೂರ್ತಿ ನಿಂತಿತ್ತು. ಅವನನ್ನು ಸೇರಿಸಿಹೋದ ತಂಗಿಯ ಮಗ ಮತ್ತೆ ಬಂದಿರಲಿಲ್ಲ. ಆ ಮನೆಯಲ್ಲಿ ಬಂದವರಿಗೆಲ್ಲ ತಲೆ ಬೋಳಿಸಿ, ಗಡ್ಡ ತೆಗೆದು, ಒಂದೇ ಬಗೆಯ ಬಿಳಿ ಅಂಗಿ ತೊಡಿಸುತ್ತಿದ್ದರು. ಅವರು ಉಟ್ಟು ಬಂದದ್ದು, ಕೈಯಲ್ಲಿ ತಂದದ್ದು ಎಲ್ಲ ಗಂಟಾಗಿ ಅಟ್ಟ ಸೇರುತ್ತಿತ್ತು. ಮನೆಗೆ ಹೋಗುವ ದಿನ ಗಂಟನ್ನು ಕೆಳಗಿಳಿಸಿ ಕೊಡುವುದು ರೂಢಿ. ಹಾಗಾಗಿ ಹಾಸಿಗೆಯ ಮೇಲಿದ್ದವನು ಯಾವ ಊರಿನವನು, ಯಾವ ಕಸುಬಿನವನು ಎಂಬುದು ಮೋರೆ ನೋಡಿದರೆ ತಿಳಿಯುವಂತಿರಲಿಲ್ಲ. ಎಲ್ಲರೂ ಒಂದೇ ಗುಡಿಯ ಮುಂದೆ ಸಾಲಾಗಿ ಕೂತ ಬಿಳಿಯ ಸನ್ಯಾಸಿಗಳಂತೆ ಕಾಣುತ್ತಿದ್ದರು.

ಮೊದಲ ಸಲ ಚೆಂಬಿ ಅವನ ಹಾಸಿಗೆಯ ಹತ್ತಿರ ಹೋದಾಗ ಮುದುಕ ಕಣ್ಣು ಅರಳಿಸಿ, ಎಡಗೈ ನಡುಗಿಸುತ್ತ, ಗಂಟಲಿನಾಳದಿಂದ "ಔ... ಔ..." ಎಂದು ಒರಲಿದ. ಚೆಂಬಿ ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ನಡುಗುವಂತೆ ಬೊಗಳಿತು. ಮುದುಕ ಮತ್ತೆ ಒರಲಿದ. ಅದು ಮತ್ತೆ ಬೊಗಳಿತು. ದಾದಿ ಓಡಿಬಂದಳು. "ಅಯ್ಯೋ, ಅಜ್ಜಾರು ಹೆದರ‍್ಯಾರ್ರೀ! ಎಳಕೊಂಡು ಹೋಗ್ರಿ ಆ ನಾಯಿನ!" ಅಂದಿನಿಂದ ನಾವು ಬರುವ ದಿನ ಅವನ ಹಾಸಿಗೆಯ ಸುತ್ತ ಪರದೆ ಎಳೆಯತೊಡಗಿದರು. ಪರದೆಯಾಚೆಯಿಂದ ಆ ಒರಲು ಕೇಳಿದರೂ ಸಾಕು, ಚೆಂಬಿಯ ಎಡಗಿವಿ ಅತ್ತ ತಿರುಗಿ, ನನ್ನ ಬೆರಳು ತುಟಿಯ ಮೇಲೆ ಸವೆಯುತ್ತಿದ್ದರೂ ಲೆಕ್ಕಿಸದೆ ಅದು ಬೊಗಳುತ್ತಿತ್ತು.

"ನೀವು ಬಂದು ಹೋದ್ರಿ ಅಂದ್ರ ಅಜ್ಜಾರ ಕಣ್ಣಾಗ ನೀರ ನಿಂದ್ರೂದಿಲ್ರೀ" ಎಂದು ಪ್ರಮೀಳಾಬಾಯಿ ಒಮ್ಮೆ ಹೇಳಿದರು. "ಊಟಾನೂ ಬ್ಯಾಡಂತಾರ. ಅಷ್ಟ ಅಂಜಿಕಿ."

ಒಂದು ಹಾಸಿಗೆಗಾಗಿ, ಒಬ್ಬ ಮುದುಕನ ಅಂಜಿಕೆಗಾಗಿ ಚೆಂಬಿಯ ಬದುಕು ಹಾಳಾಗುತ್ತದೆಯಲ್ಲ ಎಂದು ನನಗೆ ಆ ಮುದುಕನ ಮೇಲೂ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದುದಕ್ಕೆ ನನ್ನ ಮೇಲೆ ಇನ್ನಷ್ಟು ಸಿಟ್ಟು.

ಪರೀಕ್ಷೆಯ ದಿನ ದಾವಲಸಾಬರ ಕ್ರಮವೇ ಬೇರೆ. ಹಳದಿ ವಸ್ತ್ರವನ್ನು ಮೊದಲೇ ಕಟ್ಟಿಬಿಡುತ್ತಿದ್ದರು. ಸುತ್ತು ಮುಗಿಸಿದರೆ ಅದು ನಾಯಿಯದು, ತಪ್ಪಿದರೆ ಅಲ್ಲೇ ಬಿಚ್ಚಿಕೊಳ್ಳುವುದು. "ಕಟಗೊಂಡ ಮ್ಯಾಲೆ ಅದಕ್ಕೂ ಮರ್ಯಾದಿ ಗೊತ್ತಾಗತೈತ್ರಿ" ಎನ್ನುತ್ತಿದ್ದರು. ಅಂದು ಆರೈಕೆ ಮನೆಯ ಬಾಗಿಲಲ್ಲಿ ನಾನು ಹೊಲಿದ ವಸ್ತ್ರವನ್ನು ಅವರು ಚೆಂಬಿಯ ಕೊರಳಿಗೆ ಕಟ್ಟಿದಾಗ ಗಾಳಿಗೆ ಅದರ ತುದಿ ಪಟಪಟನೆ ಬಡಿಯಿತು.

ಎಲ್ಲ ಸರಿಯಾಗಿಯೇ ನಡೆಯಿತು. ಮೊದಲ ಹಾಸಿಗೆ, ಎರಡನೆಯದು, ಕಿಟಕಿಯ ಪಕ್ಕದ ಕುರುಡಮ್ಮ, ಅಳುವ ಮಾಸ್ತರರು, ಎಲ್ಲರ ಹತ್ತಿರವೂ ಚೆಂಬಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಗಿಬಂದಿತು. ಮಾಸ್ತರರು ಅದರ ಸುಟ್ಟ ಕಲೆಯ ಮೇಲೆ ಕೈಯಿಟ್ಟು ಏನನ್ನೋ ಪಿಸುಗುಟ್ಟಿದರು. ದಾವಲಸಾಬರು ನನ್ನತ್ತ ನೋಡಿ ಕಣ್ಣಲ್ಲೇ 'ಶಾಬಾಸ್' ಅಂದರು. ಇನ್ನು ಪರದೆಯ ಮುಂದಿನಿಂದ ದಾಟಿ ಬಾಗಿಲು ಸೇರಿದರೆ ಮುಗಿಯಿತು. ನಾನು ಮನಸ್ಸಿನಲ್ಲೇ ಶಿವನಾಮ ಹೇಳುತ್ತಿದ್ದೆ.

ಆಗ ಆ ಹಾಳು ಗಾಳಿ ಕಿಟಕಿಯ ಕದವನ್ನು ದಢಾರನೆ ತೆರೆದು ಒಳನುಗ್ಗಿತು. ಪರದೆ ಕಂಬಿಯ ಮೇಲೆ ಸರ್ರನೆ ಸರಿದು ಒಂದು ಬದಿಗೆ ಹೋಯಿತು. ದಿಂಬಿಗೊರಗಿ ಕೂತಿದ್ದ ಗುಡ್ಡಪ್ಪಜ್ಜ, ಕಾಯುತ್ತಲೇ ಇದ್ದವನಂತೆ, "ಔ!" ಎಂದ.

ಚೆಂಬಿ ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಗ್ಗಿಸಿ ಬೊಗಳಿತು. ಒಂದಲ್ಲ, ಎರಡಲ್ಲ. ಬೆರಳು ತುಟಿಗಿಟ್ಟೆ. ಹಗ್ಗ ಜಗ್ಗಿದೆ. ಹೆಸರು ಹಿಡಿದು ಗದರಿಸಿದೆ. ಮುದುಕನ ಒರಲು, ನಾಯಿಯ ಬೊಗಳು, ಬಡಿಯುವ ಕಿಟಕಿ, ಓಡಿಬರುವ ದಾದಿಯರು! ಕಿವುಡಾಗಬಾರದಿತ್ತೇ ಎನಿಸಿತು.

ದಾವಲಸಾಬರು ಮುಂದೆ ಬಂದರು. ಬಗ್ಗಿ ವಸ್ತ್ರದ ಗಂಟು ಬಿಚ್ಚಿ, ನಾಕು ಮಡಿಕೆ ಮಾಡಿ ಜೇಬಿಗಿಟ್ಟರು. "ನಾಳೆ ಓಣಿಗೆ ಬಿಡೂ ವ್ಯವಸ್ಥಾ ಮಾಡೂಣ್ರಿ ಅಕ್ಕಾರ" ಎಂದು ಮೋರೆ ತಿರುಗಿಸಿಕೊಂಡರು.

ನಾನು ಹೊರಗಿನ ಕಟ್ಟೆಯ ಮೇಲೆ ಬಂದು ಕೂತೆ. ಚೆಂಬಿಯನ್ನು ಕಂಬಕ್ಕೆ ಕಟ್ಟಿದೆ. ಅದಕ್ಕೆ ಒಂದಿಷ್ಟಾದರೂ ನಾಚಿಕೆ ಇದೆಯೇ ಎಂದು ನೋಡಿದರೆ ಬಾಲ ಅಲ್ಲಾಡಿಸುತ್ತ ಒಳಗಿನ ಕಡೆಗೇ ಕಿವಿ ನಿಮಿರಿಸಿ ನಿಂತಿತ್ತು. ಕಣ್ಣಲ್ಲಿ ಧೂಳು ಬಿತ್ತೋ, ಬೇರೇನೋ, ಸೆರಗಿನಿಂದ ಒರೆಸಿಕೊಂಡೆ. ದೇವರೇ, ನಿನ್ನ ಹತ್ತಿರ ನಾನು ಬೇಡಿದ್ದು ಬಂಗಾರವನ್ನಲ್ಲ, ಮೋಕ್ಷವನ್ನಲ್ಲ. ಒಂದು ಗಳಿಗೆಯ ಮೌನವನ್ನು. ಅದನ್ನೂ ಕೊಡಲಾರದೆ ಗಾಳಿಯನ್ನು ಕಳಿಸಿದೆಯಾ?

"ಯಾಕವ್ವಾ, ನಾಯಿ ಕಟ್ಟಿ ಹಾಕಿ ನೀ ಅಳಾಕತ್ತೀಯಲ್ಲ? ಕಡಿತೇನು?"

ತಲೆ ಎತ್ತಿದರೆ ಕುಂಟುತ್ತ ಬರುತ್ತಿದ್ದ ಮುದುಕಿ. ಹಣೆ ತುಂಬ ಅರಿಸಿನ, ಬಗಲಲ್ಲಿ ಬುತ್ತಿಯ ಗಂಟು. ಗಾಳಿಗೆ ಬೆನ್ನು ಕೊಟ್ಟು ನಿಂತು ಏದುಸಿರು ಬಿಟ್ಟಳು.

"ಕಡಿದಿದ್ರ ಚಲೋ ಇತ್ತಬೇ" ಎಂದೆ ನಾನು ಸಿಡುಕಿನಿಂದ. "ಬೊಗಳತೈತಿ. ಒಳಗ ಒಬ್ಬ ಅಜ್ಜ ಅದಾನ, ನಾಯಿ ಕಂಡ್ರ ಅಂಜತಾನ. ಅವ ಅಂಜಿ ಕೂಗೂದು, ಇದು ಬೊಗಳೂದು. ಇಷ್ಟರಾಗ ಇದರ ಹಣೇಬರಾ ಮುಗೀತು."

"ಯಾ ಅಜ್ಜ?"

"ಗುಡ್ಡಪ್ಪ ಅಂತ."

ಮುದುಕಿ ಬುತ್ತಿಗಂಟನ್ನು ಕಟ್ಟೆಯ ಮೇಲಿಟ್ಟಳು. ನನ್ನನ್ನೇ ನೋಡಿದಳು. ಆಮೇಲೆ, ಬಾಯಲ್ಲಿ ಉಳಿದಿದ್ದ ಹಲ್ಲುಗಳೆಲ್ಲ ಕಾಣುವಂತೆ ನಗತೊಡಗಿದಳು. ನಗು ನಿಲ್ಲಿಸಲಾರದೆ ಮೊಣಕಾಲು ಹಿಡಿದುಕೊಂಡು ಕೂತೇಬಿಟ್ಟಳು.

"ನಮ್ಮಣ್ಣ ನಾಯಿಗೆ ಅಂಜತಾನ? ಯವ್ವಾ, ಅವನೇ ಮೈಲಾರಲಿಂಗನ ನಾಯಿ ಅದಾನ! ನಾಯಿ ನಾಯಿಗೆ ಅಂಜೂದು ಯಾವ ಊರಾಗ ಕೇಳೀಯ? ಗೊರವಪ್ಪ ಅದಾನವಾ ಅವ, ಗೊರವಪ್ಪ! ದೀಕ್ಷಾ ತಗೊಂಡಂವ!"

ಗೊರವಪ್ಪ! ಹಳ್ಳಿಯಲ್ಲಿ ನಾನು ಸಣ್ಣವಳಿದ್ದಾಗ ಅವರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಕಪ್ಪು ಕಂಬಳಿಯ ನಿಲುವಂಗಿ, ಎದೆಗಿಳಿದ ಗಡ್ಡ, ಕೈಯಲ್ಲಿ ಡಮರುಗ, ಹೆಗಲಿಗೆ ಅರಿಸಿನದ ಪುಡಿಯ ಚೀಲ. ಅಜ್ಜಿ ಅವರ ಮುಂದಿನ ಮರದ ದೋಣಿಗೆ, ದೋಣಿಯೆಂದರೆ ಬಟ್ಟಲಿನಂತೆ ಕೊರೆದ ಕಟ್ಟಿಗೆಯ ಪಾತ್ರೆ, ಹಾಲು, ಬಾಳೆಹಣ್ಣು ತುಂಬುತ್ತಿದ್ದಳು. ಅವರು ನಾಲ್ಕು ಕಾಲ ಮೇಲೆ ಬಾಗಿ, ನಾಯಿಯಂತೆ ಬೊಗಳಿ, ಬಾಯಿ ಹಚ್ಚಿ ಉಣ್ಣುತ್ತಿದ್ದರು. ನಾನು ಹೆದರಿ ಕಣಜದ ಹಿಂದೆ ಅಡಗಿದರೆ ಅಜ್ಜಿ ಎಳೆದು ತಂದು ಹೇಳುತ್ತಿದ್ದಳು: "ಅಂಜಬ್ಯಾಡ ಮಗಳ. ಮೈಲಾರಸ್ವಾಮಿ ರಕ್ಕಸರ ಮ್ಯಾಲೆ ದಂಡೆತ್ತಿ ಹೋಗೂವಾಗ ಏಳು ಕೋಟಿ ದಂಡು ನಾಯಿಯಾಗಿ ಅವನ ಹಿಂದ ಹೋತಂತ. ರಕ್ಕಸರು ಹೋದ್ರು, ಇವರು ಇನ್ನೂ ಸ್ವಾಮಿ ದಾರಿ ಕಾಯಾಕತ್ತಾರ. ಅವರು ಬೊಗಳಿದ್ರ ಸ್ವಾಮಿನ್ನ ಕರದಂಗ."

ಬೋಳಿಸಿದ ತಲೆ, ಬಿಳಿ ಅಂಗಿಯ ಮುದುಕನಲ್ಲಿ ಆ ಕರಿಯ ಕಂಬಳಿಯವನನ್ನು ನಾನು ಕಾಣುವುದಾದರೂ ಹೇಗೆ?

ಮುದುಕಿಯ ಹೆಸರು ಮಾಳವ್ವ. ಮೊಣಕಾಲು ಬೇನೆಯಿಂದ ಎದ್ದು ಅಣ್ಣನನ್ನು ನೋಡಲು ಬಂದದ್ದು ಅಂದೇ ಮೊದಲು. ಒಳಗೆ ಹೋದವಳು ಅಣ್ಣನ ಬೋಳು ತಲೆ ನೋಡಿ ಬಾಯಿ ಬಡಿದುಕೊಂಡಳು. "ಯಾವ ಹೆಣದ ಮನಿ ಮಾಡೀರಬೇ ಇದನ್ನ? ಗೊರವನ ಗಡ್ಡಾ ಯಾರು ತಗದ್ರು? ಎಲ್ಲೈತಿ ಅವನ ದೋಣಿ? ಎಲ್ಲೈತಿ ಕಂಬಳಿ?"

"ಗಂಟು ಅಟ್ಟದ ಮ್ಯಾಲೈತ್ರಿ" ಎಂದರು ಪ್ರಮೀಳಾಬಾಯಿ ಗಾಬರಿಯಿಂದ. "ಮನಿಗೆ ಹೋಗೂವಾಗ ಕೊಡತೀವ್ರಿ. ಇಲ್ಲೀ ಪದ್ಧತಿ ಹಂಗ."

"ಯಾ ಮನಿಗೆ? ಸುಡಗಾಡಿಗೇನು?"

ಮೇಟ್ರನ್ ಅಟ್ಟದ ಕಡೆ ನೋಡಿದರು. ಅವರು ಕೆಟ್ಟವರಲ್ಲ. ಎಲ್ಲರನ್ನೂ ಒಂದೇ ರೀತಿ ಶುಚಿಯಾಗಿಟ್ಟರೆ ಎಲ್ಲರನ್ನೂ ಒಂದೇ ರೀತಿ ಪ್ರೀತಿಸಿದಂತೆ ಎಂದು ನಂಬಿದವರು. ತಾವೇ ಏಣಿ ತರಿಸಿ, ಅಟ್ಟ ಹತ್ತಿ, ಧೂಳಿನಲ್ಲಿ ಸೀನುತ್ತ ಗಂಟನ್ನು ಇಳಿಸಿ ತಂದರು.

ಗಾಳಿ ತಗ್ಗಲೆಂದು ವರಾಂಡದಲ್ಲಿ ಚಹಾ ಕುಡಿಯುತ್ತ ಕೂತಿದ್ದ ದಾವಲಸಾಬರೂ ಎದ್ದು ಬಾಗಿಲಿಗೆ ಬಂದರು. ಗಂಟು ಬಿಚ್ಚಿದಾಗ ಕಂಬಳಿಯ ವಾಸನೆ ಡೆಟಾಲ್ ವಾಸನೆಯನ್ನು ತಳ್ಳಿಹಾಕಿತು. ಕರಿಯ ನಿಲುವಂಗಿ. ಡಮರುಗ. ಒಂದು ಕೊಳಲು. ಭಂಡಾರದ, ಅದೇ ಅರಿಸಿನದ ಪುಡಿಯ ಚೀಲ. ತಳದಲ್ಲಿ ದೋಣಿ, ಹಾಲು ತುಪ್ಪ ಕುಡಿದು ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಗುಡ್ಡಪ್ಪಜ್ಜ ಎಡಗೈ ಚಾಚಿ ಅದನ್ನು ಮುಟ್ಟಿದ. ಅದರ ಅಂಚನ್ನು ಬೆರಳಿನಿಂದ ಸವರಿದ.

"ಹಾಲು ತರ‍್ರಿ. ಬಾಳಿಹಣ್ಣು ತರ‍್ರಿ" ಎಂದಳು ಮಾಳವ್ವ, ಸೆರಗಿನಿಂದ ದೋಣಿ ಒರೆಸುತ್ತ.

"ಅವರಿಗೆ ಸಕ್ಕರಿ ಐತ್ರೀ" ಎಂದಳು ದಾದಿ ಮೆಲ್ಲಗೆ. "ಹಣ್ಣು ಒಂದ ಹೋಳು ಸಾಕು."

"ಆತು ತಾಯಿ, ಒಂದ ಹೋಳು ಹಾಕು. ಸ್ವಾಮಿಗೂ ವಯಸ್ಸಾಗೈತಿ."

ಅಣ್ಣನನ್ನು ಕುರ್ಚಿಗೆ ಇಳಿಸಿ, ಕಂಬಳಿಯನ್ನು ಹೆಗಲಿಗೆ ಹೊದಿಸಿ, ಹಣೆಗೆ ಭಂಡಾರ ಬಳಿದಳು. ಗಿಡ್ಡ ಸ್ಟೂಲೊಂದರ ಮೇಲೆ ದೋಣಿಯನ್ನಿಟ್ಟು ಅವನ ಮುಂದೆ ತಂದಳು. ಮುದುಕ ಅದರ ಮೇಲೆ ಬಾಗಿದ. ಬಾಗಿ, ಒಂದು ಗಳಿಗೆ ಕಾದು, ಬೊಗಳಿದ.

ಅದು ಹಿಂದಿನ ಒರಲಲ್ಲ. ಅರ್ಧವೇ ಬದುಕಿದ್ದ ಮೈಯಿಂದ ಪೂರ್ತಿಯಾಗಿ ಹೊರಟ ಬೊಗಳು. ನಮ್ಮ ಅಜ್ಜಿಯ ಅಂಗಳದಲ್ಲಿ ನಾನು ಕಣಜದ ಹಿಂದಿನಿಂದ ಕೇಳುತ್ತಿದ್ದದ್ದು ಅದೇ.

ಹೊರಗೆ ಕಂಬಕ್ಕೆ ಕಟ್ಟಿದ್ದ ಚೆಂಬಿ ಓಗೊಟ್ಟಿತು. ನನ್ನ ಬೆರಳು ಅಭ್ಯಾಸಬಲದಿಂದ ತುಟಿಯ ಕಡೆಗೆ ಹೋಯಿತು. ಹೋದ ಬೆರಳನ್ನು ಇಳಿಸಿ, ದಾವಲಸಾಬರತ್ತ ನೋಡಿದೆ. ಅವರು ನೋಡಿದ್ದು ಚೆಂಬಿಯನ್ನು. ಮುಂಗಾಲು ಚಾಚಿ, ಎದೆ ನೆಲಕ್ಕೆ ಹಚ್ಚಿ, ಬಾಲ ಬೀಸುತ್ತಿದ್ದ ಅದರ ನಿಲುವನ್ನು.

"ಬಿಚ್ಚ್ರಿ ಹಗ್ಗ" ಎಂದರು.

ಚೆಂಬಿ ಹಾಸಿಗೆಗಳ ಸಾಲಿನ ನಡುವೆ ನೇರವಾಗಿ ಓಡಿ ಅವನ ಮುಂದೆ ನಿಂತಿತು. ಮುದುಕ ಬೊಗಳಿದ. ಅದು ಬೊಗಳಿತು. ಅವನು ಇನ್ನೊಮ್ಮೆ ಬೊಗಳಿ, ದೋಣಿಗೆ ಬಾಯಿ ಹಚ್ಚಿದ. ಚೆಂಬಿ ಸುಮ್ಮನಾಯಿತು. ಆ ಕಡೆ ಈ ಕಡೆ ನೋಡಿತು. ತಟ್ಟೆ ಕಂಡರೆ ಮೂಲೆ ಸೇರುವ ನಾಯಿ, ಅಂಗೈಯಿಂದಲ್ಲದೆ ನೀರು ಕುಡಿಯದ ನಾಯಿ, ಒಂದೊಂದೇ ಕಾಲು ಮುಂದಿಟ್ಟು ಕತ್ತು ಚಾಚಿತು. ಮೂತಿ ದೋಣಿಯ ಅಂಚಿಗೆ ತಾಗಿದಾಗ ಒಮ್ಮೆ ಬೆಚ್ಚಿತು. ಮುದುಕ ದೋಣಿಯಿಂದ ಬಾಯಿ ಎತ್ತಲಿಲ್ಲ. ಆಮೇಲೆ ಅದೂ ತಲೆ ಬಗ್ಗಿಸಿ, ದೋಣಿಯ ಇನ್ನೊಂದು ಬದಿಯಿಂದ ಲಪಲಪನೆ ಹಾಲು ಕುಡಿಯತೊಡಗಿತು.

"ಏಳು ಕೋಟಿ, ಏಳು ಕೋಟಿ..." ಎಂದು ಮಾಳವ್ವ ಅಣ್ಣನ ಮುಖ ನೋಡುತ್ತ ಕೂಗಿದಳು. ಆ ಕೂಗಿಗೆ ಗೊರವರ ಮರುಕೂಗೊಂದಿದೆ. ಅವಳು ಅದಕ್ಕಾಗಿ ಕಾದಳು. ಗಡ್ಡವಿಲ್ಲದ ಗದ್ದದಿಂದ ಹಾಲು ತೊಟ್ಟಿಕ್ಕುತ್ತಿದ್ದ ಮುದುಕ ತಲೆ ಎತ್ತಿದ. ತುಟಿ ಸೊಟ್ಟಗಾಯಿತು, ಗಂಟಲು ಏರಿಳಿಯಿತು.

"ಚಾಂ... ಗಮಲೋ."

ಕಿಟಕಿಯ ಪಕ್ಕದ ಕುರುಡಮ್ಮ ಕೈ ಮುಗಿದಳು. ದಾದಿ ಮೂಗು ಒರೆಸಿಕೊಂಡಳು. ಗುಡ್ಡಪ್ಪಜ್ಜ ಎಡಗೈಯನ್ನು ಭಂಡಾರದ ಚೀಲಕ್ಕೆ ತೂರಿಸಿ, ಒಂದು ಹಿಡಿ ತೆಗೆದು, ಚೆಂಬಿಯ ನೆತ್ತಿಗೆ ಬಳಿದ. ಅರ್ಧ ಅದರ ಮೇಲೆ, ಅರ್ಧ ಪ್ರಮೀಳಾಬಾಯಿಯವರ ಬಿಳಿ ನೆಲದ ಮೇಲೆ.

"ದಿನಾ ಹಿಂಗ ಬೊಗಳತಾರೇನ್ರೀ ಇವರು?" ಎಂದು ಮೇಟ್ರನ್ ನೆಲದ ಹಳದಿಯನ್ನೇ ನೋಡುತ್ತ ಕೇಳಿದರು.

"ಸ್ವಾಮಿ ಬರೂತನಕ" ಎಂದಳು ಮಾಳವ್ವ.

"ಹಂಗಾದ್ರ ನಾಯಿನೂ ಇರ‍್ಲಿ. ಮಧ್ಯಾಹ್ನ ಎಲ್ಲಾರೂ ಮಲಗೂ ಹೊತ್ತಿನ್ಯಾಗ ಮಾತ್ರ ಬ್ಯಾಡ್ರಿ ಮತ್ತ. ಇಬ್ಬರಿಗೂ ಹೇಳ್ರಿ."

ನಾನು ನಗಬೇಕಿತ್ತು. ಏನೋ, ಬರಲಿಲ್ಲ. ಎಷ್ಟು ಸಂಜೆ ಆ ಬೆರಳನ್ನು ತುಟಿಗೊತ್ತಿ ಒತ್ತಿ ಕೂತಿದ್ದೆವು, ನಾನು, ದಾದಿಯರು, ದಾವಲಸಾಬರು! ಕರೆಯುವವನ ಸುತ್ತ ಪರದೆ ಎಳೆದು, ಓಗೊಡುವುದರ ಬಾಯಿ ಕಟ್ಟಲು ಎಷ್ಟು ಪಾಡುಪಟ್ಟೆವು. ಬೆಳಗ್ಗೆ ದೀಪವನ್ನು ಮತ್ತೆ ಮತ್ತೆ ಆರಿಸಿದ ಗಾಳಿಯ ಮೇಲೆ ಇದ್ದ ಸಿಟ್ಟು ಎತ್ತ ಹೋಯಿತೆಂದು ತಿಳಿಯದೆ ಮತ್ತೆ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ತೆರೆದ ಬಾಗಿಲಿನಿಂದ ಒಳಗಿನದು ಕಾಣುತ್ತಿತ್ತು. ಮುದುಕ ದಣಿದು ಕುರ್ಚಿಗೊರಗಿದ್ದ. ಅವನ ಕಂಬಳಿಯ ತುದಿಯ ಮೇಲೆ ಚೆಂಬಿ ಸುರುಳಿ ಸುತ್ತಿ ಮಲಗಿತ್ತು. ಅದರ ನೆತ್ತಿ ಹಳದಿಯಾಗಿತ್ತು.

ದಾವಲಸಾಬರು ಹೊರಗೆ ಬಂದರು. ಜೇಬಿನಿಂದ ಮಡಿಸಿಟ್ಟ ಹಳದಿ ವಸ್ತ್ರವನ್ನು ತೆಗೆದು, ಮಡಿಕೆಯ ಗೆರೆಗಳನ್ನು ಹೆಬ್ಬೆರಳಿನಿಂದ ಸವರಿ, ನನ್ನ ಮಗ್ಗುಲಿಗೆ ಕಟ್ಟೆಯ ಮೇಲಿಟ್ಟರು. ಗಾಳಿಗೆ ಅದರ ತುದಿ ಎದ್ದಿತು. ಅವರು ಕೊರಳಿನ ಸೀಟಿಯನ್ನು ಕಳಚಿ, ಅದು ಹಾರದಂತೆ ಮೇಲೆ ಭಾರವಿಟ್ಟು, ಮೆಟ್ಟಿಲಿಳಿದು ಧೂಳಿನೊಳಗೆ ನಡೆದು ಹೋದರು.

ಸೀಟಿ ಕಲ್ಲಿಗೆ ತಾಗಿ ಸಣ್ಣಗೆ ಸದ್ದಾಯಿತು. ಒಳಗೆ, ಕಂಬಳಿಯ ಮೇಲೆ, ಚೆಂಬಿಯ ಇಳಿಬಿದ್ದಿದ್ದ ಎಡಗಿವಿ ನಿಮಿರಲಿಲ್ಲ.